ಹೊರಗೋಡೆಗೆ ಬಣ್ಣ ಹೊಡೆಸುವಾಗ ಪೇಂಟರ್ ಹಿಡಿಯುವುದು ಹೇಗೆ

ಮನೆಯ ಹೊರಗೆ ಬಣ್ಣ ಹೊಡೆಸೋಣ ಅಂದ ಕೂಡಲೇ ಎಲ್ಲರೂ ಶೇಡ್ ಕಾರ್ಡ್ ಹಿಡಿದು ಕೂರುತ್ತಾರೆ. ಬಣ್ಣ ಆಮೇಲೂ ಆರಿಸಬಹುದು ಬಿಡಿ. ಎರಡೇ ವರ್ಷಕ್ಕೆ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುವುದಕ್ಕೆ ಬಹುತೇಕ ಕಾರಣ ಒಂದೇ, ಗೋಡೆಯನ್ನು ಸರಿಯಾಗಿ ತಯಾರು ಮಾಡದೆ ಮೇಲೆ ಬಳಿದಿರುತ್ತಾರೆ. ಅದಕ್ಕೇ ಪೇಂಟರ್ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ: "ಡಬ್ಬ ತೆಗೆಯೋ ಮುಂಚೆ ಏನೇನು ಮಾಡ್ತೀರಿ?" ತೊಳೆಯುವುದು, ಕೆರೆಯುವುದು, ಬಿರುಕು ತುಂಬುವುದು, ಒಣಗಲು ಬಿಡುವುದು ಅಂತ ಒಂದೊಂದಾಗಿ ಹೇಳಿದರೆ ಮಾತು ಮುಂದುವರಿಸಿ. "ಎಲ್ಲಾ ನೀಟಾಗಿ ಮಾಡ್ಕೊಡ್ತೀವಿ" ಅನ್ನುವುದು ಉತ್ತರವೇ ಅಲ್ಲ.

ಆದರೆ ಅವರನ್ನು ಕರೆಸುವ ಮುಂಚೆ ನೀವೇ ಒಮ್ಮೆ ಮನೆ ಸುತ್ತ ಬನ್ನಿ. ಗೋಡೆಯನ್ನು ಅಂಗೈಯಿಂದ ಉಜ್ಜಿ ನೋಡಿ. ಕೈಗೆ ಪುಡಿ ಹತ್ತಿದರೆ ಹಳೇ ಬಣ್ಣ ಸತ್ತುಹೋಗಿದೆ ಅಂತ ಅರ್ಥ, ಆ ಪುಡಿ ತೊಳೆದು ಪ್ರೈಮರ್ (ಬಣ್ಣ ಹಿಡಿಯಲಿ ಅಂತ ಮೊದಲು ಬಳಿಯುವ ಪದರ) ಹೊಡೆಯದೆ ಅದರ ಮೇಲೆ ಏನೇ ಬಳಿದರೂ ನಿಲ್ಲುವುದಿಲ್ಲ. ಗಟ್ಟಿಯಾಗಿ ಕಾಣುವ ಜಾಗದಲ್ಲಿ ಬ್ಲೇಡಿನಿಂದ ಸಣ್ಣದಾಗಿ ಅಡ್ಡ-ಉದ್ದ ಗೀರು ಹಾಕಿ, ಅಂಟು ಟೇಪ್ ಒತ್ತಿ ಹಚ್ಚಿ, ಜೋರಾಗಿ ಕಿತ್ತು ನೋಡಿ. ಟೇಪಿನ ಜೊತೆ ಬಣ್ಣವೂ ಬಂದರೆ ಅಲ್ಲಿ ಹಳೇ ಪದರವನ್ನೇ ಕೆರೆದು ತೆಗೆಯಬೇಕು. ಬಿಳಿ ಬಿಳಿ ಉಪ್ಪಿನಂತೆ ಕಂಡರೆ ಗೋಡೆಯೊಳಗಿನಿಂದ ನೀರು ಹೊರಗೆ ಬರುತ್ತಿದೆ. ಅದು ಪೇಂಟರ್ ಕೈಯಲ್ಲಿ ಸರಿಹೋಗುವ ಕಾಯಿಲೆ ಅಲ್ಲ. ಸೋರುವ ಪೈಪೋ, ಸಜ್ಜೆ ಮೇಲೆ ನಿಲ್ಲುವ ನೀರೋ, ಟೆರೇಸಿನ ಬಿರುಕೋ, ಮೂಲ ಎಲ್ಲಿದೆ ಅಂತ ಹುಡುಕಿ ರಿಪೇರಿ ಮಾಡಿಸಿ, ಗೋಡೆ ಪೂರ್ತಿ ಒಣಗಿದ ಮೇಲೆಯೇ ಬಣ್ಣದ ಮಾತು. ಪಾಚಿ ಇರುವ ಕಡೆ ಬರೀ ನೀರು ಹೊಡೆದರೆ ಸಾಲದು, ಪಾಚಿ ಸಾಯಿಸುವ ದ್ರಾವಣ ಹಚ್ಚಿ ತೊಳೆಯಬೇಕು, ಇಲ್ಲದಿದ್ದರೆ ಹೊಸ ಬಣ್ಣದ ಮೇಲೂ ಹಸಿರು ಬೇಗ ಬರುತ್ತದೆ.

ಬಿರುಕುಗಳನ್ನೂ ಬೇರೆ ಬೇರೆಯಾಗಿ ನೋಡಿ. ಕೂದಲೆಳೆಯಂಥವು ಫಿಲ್ಲರ್‌ನಲ್ಲಿ ಮುಚ್ಚಿಹೋಗುತ್ತವೆ. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟು ವರ್ಷದಿಂದ ವರ್ಷಕ್ಕೆ ಅಗಲವಾಗುವ ಬಿರುಕನ್ನು ಮಾತ್ರ ಪೇಂಟರ್‌ಗಿಂತ ಮೊದಲು ಎಂಜಿನಿಯರ್‌ಗೆ ತೋರಿಸಿ.

ಮನೆ ತುಂಬಾ ಹಳೆಯದಾದರೆ ಇನ್ನೊಂದು ವಿಷಯ. ಹಳೇ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ, ಒಣಗಿದ ಗೋಡೆ ಅಥವಾ ಮರವನ್ನು ಹಾಗೇ ಉಜ್ಜಿದರೆ ಅದರ ಧೂಳು ಮನೆಯೊಳಗೂ ಬರುತ್ತದೆ, ಮಕ್ಕಳ ಮಿದುಳಿಗೆ ಅದು ವಿಷ. ಮೊದಲು ಪರೀಕ್ಷೆ ಮಾಡಿಸಿ. ಸೀಸ ಇದ್ದರೆ ಒದ್ದೆ ಮಾಡಿಕೊಂಡೇ ಕೆರೆಯಬೇಕು, ಕೆಳಗೆ ಪ್ಲಾಸ್ಟಿಕ್ ಹಾಸಬೇಕು, ಕೆಲಸದವರು ಸರಿಯಾದ ಮಾಸ್ಕ್ ಹಾಕಬೇಕು. ಬೆಂಕಿ ಹಿಡಿದು ಸುಡುವುದಂತೂ ಬೇಡವೇ ಬೇಡ.

ಇನ್ನು ಪೇಂಟರ್ ಹುಡುಕುವುದು. ಮೊಬೈಲಿನಲ್ಲಿ ಹೊಳೆಯುವ ಫೋಟೋ ತೋರಿಸುತ್ತಾರೆ, ಹೊಡೆದ ಮಾರನೇ ದಿನ ಯಾವ ಗೋಡೆ ತಾನೇ ಚೆನ್ನಾಗಿ ಕಾಣುವುದಿಲ್ಲ? ಕನಿಷ್ಠ ಎರಡು ಮಳೆಗಾಲ ಕಂಡ ಕೆಲಸ ತೋರಿಸಿ ಅನ್ನಿ. ಅಲ್ಲಿ ಹೋದಾಗ ಗೋಡೆಯ ಮಧ್ಯಭಾಗ ನೋಡಬೇಡಿ. ನೆಲದ ಹತ್ತಿರ, ಕಿಟಕಿಯ ಕೆಳಗೆ, ಪೈಪಿನ ಹಿಂದೆ, ಸಜ್ಜೆಯ ಅಡಿಭಾಗ ನೋಡಿ, ಕೆಲಸ ಕದಿಯುವವರು ಕದಿಯುವುದು ಅಲ್ಲೇ. ಮನೆಯವರು ಸಿಕ್ಕರೆ, ಆಮೇಲೆ ಏನಾದರೂ ತೊಂದರೆ ಬಂದಾಗ ಕರೆದರೆ ಬಂದರಾ ಅಂತ ಕೇಳಿ. ಇನ್ನೊಂದು, ಮಾತಾಡಲು ಬಂದವರೇ ಕೆಲಸವನ್ನೂ ಮಾಡುತ್ತಾರಾ, ಇಲ್ಲಾ ಬೇರೆ ತಂಡಕ್ಕೆ ಒಪ್ಪಿಸಿ ಹೋಗುತ್ತಾರಾ? ಒಪ್ಪಿಸುವುದು ತಪ್ಪೇನಲ್ಲ, ಆದರೆ ದಿನಾ ಸೈಟಿನಲ್ಲಿ ಇರುವ ಮೇಸ್ತ್ರಿ ಯಾರು ಅಂತ ಗೊತ್ತಿರಬೇಕು.

ಮೂರು ಜನರಿಂದಾದರೂ ರೇಟ್ ತೆಗೆದುಕೊಳ್ಳಿ, ಮೂವರಿಗೂ ಒಂದೇ ಕೆಲಸ ಹೇಳಿ. ಇಲ್ಲದಿದ್ದರೆ ಒಬ್ಬರು ಪ್ರೈಮರ್ ಸೇರಿಸಿ ಹೇಳಿರುತ್ತಾರೆ, ಇನ್ನೊಬ್ಬರು ಬಿಟ್ಟಿರುತ್ತಾರೆ, ಮೂರನೆಯವರು ಸಾರುವೆ ಖರ್ಚು ಬೇರೆ ಅಂತ ಕೊನೆಗೆ ಹೇಳುತ್ತಾರೆ, ನೀವು ಸುಮ್ನೆ ಕಡಿಮೆ ಮೊತ್ತ ನೋಡಿ ಒಪ್ಪಿಕೊಂಡಿರುತ್ತೀರಿ. ಅಳತೆ ಹೇಗೆ ಹಿಡಿಯುತ್ತಾರೆ ಅಂತ ಸ್ಪಷ್ಟವಾಗಿ ಕೇಳಿ. ಕಿಟಕಿ ಬಾಗಿಲಿನ ಜಾಗ ಕಳೆಯುತ್ತಾರಾ? ಗ್ರಿಲ್, ಸಜ್ಜೆ, ಕಾಂಪೌಂಡ್ ಇದರಲ್ಲೇ ಸೇರಿದೆಯಾ? ನಿಮ್ಮ ಟೇಪಿನಿಂದ ನೀವೂ ಅಳೆದುಕೊಳ್ಳಿ, ಜಗಳವೇ ಬರುವುದಿಲ್ಲ.

ಬಣ್ಣ ಎಷ್ಟು ಬೇಕು ಅನ್ನುವ ಲೆಕ್ಕವೂ ನಿಮ್ಮ ಕೈಯಲ್ಲಿರಲಿ. ನಯವಾದ ಗೋಡೆಗೆ ಒಂದು ಲೀಟರ್ ಬಣ್ಣ ಒಂದು ಕೋಟ್‌ಗೆ (ಒಂದು ಸಲ ಬಳಿಯುವುದಕ್ಕೆ) ಸುಮಾರು 90ರಿಂದ 100 ಚದರ ಅಡಿ ಬರುತ್ತದೆ. ಒರಟು ಗೋಡೆ ಜಾಸ್ತಿ ಕುಡಿಯುತ್ತದೆ. ಅಂದರೆ 1500 ಚದರ ಅಡಿಯ ಗೋಡೆಗೆ ಎರಡು ಕೋಟ್ ಹೊಡೆಯಲು 30 ಲೀಟರಿಗಿಂತ ಕಡಿಮೆ ಸಾಕು ಅಂದರೆ ಒಂದೋ ಒಂದು ಕೋಟ್ ಮಾಯ, ಇಲ್ಲಾ ನೀರು ಜಾಸ್ತಿ. ಎಷ್ಟು ನೀರು ಬೆರೆಸಬಹುದು ಅಂತ ಡಬ್ಬದ ಮೇಲೆಯೇ ಬರೆದಿರುತ್ತದೆ, ಓದಿ. ಸೀಲ್ ಆಗಿರುವ ಡಬ್ಬವನ್ನು ನಿಮ್ಮ ಮುಂದೆಯೇ ತೆರೆಯಲಿ, ಖಾಲಿ ಡಬ್ಬಗಳು ಕೆಲಸ ಮುಗಿಯುವವರೆಗೆ ನಿಮ್ಮಲ್ಲೇ ಇರಲಿ. ಮೆಟೀರಿಯಲ್ ನೀವೇ ತಂದುಕೊಟ್ಟು ಲೇಬರ್ ಮಾತ್ರ ಅವರಿಗೆ ಕೊಟ್ಟರೆ ಈ ತಲೆನೋವು ಅರ್ಧ ಕಡಿಮೆ. ಆದರೆ ನಾಳೆ ಬಣ್ಣ ಎದ್ದರೆ "ನೀವು ತಂದ ಮಾಲೇ ಸರಿ ಇಲ್ಲ" ಅನ್ನಲು ಅವರಿಗೆ ದಾರಿ ಸಿಗುತ್ತದೆ. ದಿನಾ ನಿಂತು ನೋಡಲು ಸಮಯ ಇಲ್ಲದವರು ಎರಡನ್ನೂ ಒಬ್ಬರಿಗೇ ಒಪ್ಪಿಸುವುದು ವಾಸಿ ಅಂತ ನನ್ನ ಅನಿಸಿಕೆ.

ಒಪ್ಪಂದ ಒಂದು ಹಾಳೆಯಲ್ಲಿ ಬರೆದರೆ ಸಾಕು. ಯಾವ ಕಂಪನಿಯ ಯಾವ ಬಣ್ಣ ಅಂತ ಪೂರ್ತಿ ಹೆಸರು (ಒಂದೇ ಕಂಪನಿಯಲ್ಲಿ ಅಗ್ಗದ್ದೂ ಇರುತ್ತದೆ, ದುಬಾರಿಯದ್ದೂ ಇರುತ್ತದೆ), ಶೇಡ್ ನಂಬರ್, ಪ್ರೈಮರ್ ಒಂದು ಕೋಟ್, ಬಣ್ಣ ಎರಡು ಕೋಟ್, ತೊಳೆಯುವುದು ಮತ್ತು ಬಿರುಕು ತುಂಬುವುದು ಸೇರಿ, ಎಷ್ಟು ದಿನ, ನೆಲದ ಮೇಲೆ ಬಿದ್ದ ಬಣ್ಣ ಯಾರು ತೆಗೆಯಬೇಕು. ಎತ್ತರದಲ್ಲಿ ಕೆಲಸ ಮಾಡುವವರಿಗೆ ಬೆಲ್ಟ್ ಮತ್ತು ಗಟ್ಟಿ ಸಾರುವೆ ಇರಬೇಕು, ಪೆಟ್ಟಾದರೆ ಹೊಣೆ ಯಾರದು, ವಿಮೆ ಇದೆಯಾ ಅನ್ನುವುದನ್ನೂ ಸೇರಿಸಿ. ಕರೆಂಟ್ ತಂತಿ ಗೋಡೆಗೆ ಹತ್ತಿರ ಇದ್ದರೆ ಮೊದಲೇ ತೋರಿಸಿಬಿಡಿ. ವಾರಂಟಿ ಅಂದರೆ ಹಿಗ್ಗಬೇಡಿ. ಕಂಪನಿಯ ವಾರಂಟಿ ಸಾಮಾನ್ಯವಾಗಿ ಅವರು ಹೇಳಿದ ರೀತಿಯಲ್ಲೇ ಹೊಡೆದಿದ್ದರೆ ಮಾತ್ರ, ಅದರಲ್ಲೂ ಕೂಲಿ ಸೇರಿದೆಯಾ ಅಂತ ನೋಡಿ.

ಗೋಡೆ ಮರದ ಹಲಗೆಯದಾಗಿದ್ದರೆ ಕೆಲವು ಮಾತು ಬೇರೆ. ಕೊಳೆತ ಹಲಗೆಯನ್ನು ಬದಲಿಸಬೇಕು, ಪುಟ್ಟಿ ಮೆತ್ತಿ ಮುಚ್ಚಬಾರದು. ಹಲಗೆಯ ಕತ್ತರಿಸಿದ ತುದಿಗಳು ನೀರನ್ನು ಬೇಗ ಹೀರುತ್ತವೆ, ಅಲ್ಲಿಗೆ ಪ್ರೈಮರ್ ತಪ್ಪಬಾರದು. ಒಂದರ ಮೇಲೊಂದು ಹೊದ್ದಿರುವ ಹಲಗೆಗಳ ಕೆಳಅಂಚಿನ ಸಂದನ್ನು ಸೀಲಂಟ್ ಹಾಕಿ ಮುಚ್ಚಲು ಬಿಡಬೇಡಿ, ಒಳಗೆ ಹೋದ ನೀರು ಹೊರಬರುವ ದಾರಿ ಅದೇ. ಗೋಡೆಗೆ ವಿನೈಲ್ (ಪ್ಲಾಸ್ಟಿಕ್) ಹೊದಿಕೆ ಇದ್ದರೆ ಮೊದಲಿಗಿಂತ ಗಾಢ ಬಣ್ಣ ಬೇಡ, ಬಿಸಿಲಿಗೆ ಕಾದು ಸೊಟ್ಟಗಾಗಬಹುದು.

ಹೊಸ ಸಿಮೆಂಟ್ ಪ್ಲಾಸ್ಟರ್ ಆದ ಜಾಗಕ್ಕೆ ಸುಮಾರು 28 ದಿನ ಬಿಟ್ಟು ಬಣ್ಣ ಹೊಡೆಯಿಸಿ. ಮಳೆ ಬರುವ ಸೂಚನೆ ಇದ್ದರೆ ಅವತ್ತು ಕೆಲಸ ಬೇಡ. ಸುಡುವ ಬಿಸಿಲಲ್ಲಿ ಕಾದ ಗೋಡೆಗೂ ಬೇಡ, ಬಣ್ಣ ಹಿಡಿಯುವ ಮುಂಚೆಯೇ ಒಣಗಿಬಿಡುತ್ತದೆ. ಒಳ್ಳೆಯ ಪೇಂಟರ್ ನೆರಳು ಹಿಂಬಾಲಿಸಿಕೊಂಡು ಗೋಡೆಯಿಂದ ಗೋಡೆಗೆ ಹೋಗುತ್ತಾರೆ. ಎರಡು ಕೋಟ್‌ಗಳ ನಡುವೆ ಡಬ್ಬದಲ್ಲಿ ಹೇಳಿದಷ್ಟು ಗಂಟೆ ಬಿಡಲೇಬೇಕು. ಒಂದೇ ಶೇಡಿನ ಡಬ್ಬಗಳಲ್ಲೂ ಕೂದಲೆಳೆಯಷ್ಟು ವ್ಯತ್ಯಾಸ ಇರಬಹುದು, ದೊಡ್ಡ ಗೋಡೆಗೆ ಎಲ್ಲವನ್ನೂ ದೊಡ್ಡ ಬಕೆಟ್ಟಿನಲ್ಲಿ ಬೆರೆಸಿಕೊಳ್ಳಲು ಹೇಳಿ. ಬಣ್ಣ ನಿಮಗೆ ಒಪ್ಪಿಗೆಯಾ ಅಂತ ಪೂರ್ತಿ ಹೊಡೆಯುವ ಮುಂಚೆ, ಬಿಸಿಲು ಬೀಳುವ ಒಂದು ಗೋಡೆ, ನೆರಳಿನ ಒಂದು ಗೋಡೆಯಲ್ಲಿ ಬಾಗಿಲಗಲ ಹಚ್ಚಿಸಿ ಎರಡು ದಿನ ನೋಡಿ. ಕಾರ್ಡಿನಲ್ಲಿ ತಿಳಿಯಾಗಿ ಕಂಡದ್ದು ಗೋಡೆಯಲ್ಲಿ ಕಣ್ಣಿಗೆ ಹೊಡೆಯುವುದು ಹೊಸದೇನಲ್ಲ ಅಲ್ವಾ.

ದುಡ್ಡನ್ನು ಒಂದೇ ಸಲ ಕೊಡಬೇಡಿ. ಶುರುವಿಗೆ ಸ್ವಲ್ಪ ಅಡ್ವಾನ್ಸ್, ತೊಳೆದು ಕೆರೆದು ಪ್ರೈಮರ್ ಆದ ಮೇಲೆ ಒಂದು ಕಂತು, ಮೊದಲ ಕೋಟ್ ಆದ ಮೇಲೆ ಇನ್ನೊಂದು. ಕೊನೆಯ ಕಂತು ಚಿಕ್ಕದಾಗಿರಬಾರದು, ಯಾಕೆಂದರೆ ಬಿಟ್ಟುಹೋದ ಮೂಲೆಗೆ ಅವರನ್ನು ಮತ್ತೆ ಏಣಿ ಹತ್ತಿಸುವುದು ಅದೇ. ಸಾರುವೆ ಬಿಚ್ಚುವ ಮುಂಚೆ, ಓರೆ ಬಿಸಿಲು ಗೋಡೆಗೆ ಬೀಳುವ ಹೊತ್ತಲ್ಲಿ ಮೇಸ್ತ್ರಿಯ ಜೊತೆ ಒಂದು ಸುತ್ತು ಬನ್ನಿ. ರೋಲರ್ ಗೆರೆ, ತೇಪೆ, ಬಿಟ್ಟ ಜಾಗ ಎಲ್ಲ ಆಗ ಎದ್ದು ಕಾಣುತ್ತವೆ. ತೋರಿಸಿ, ಸರಿ ಮಾಡಿಸಿ, ಲೆಕ್ಕ ಚುಕ್ತಾ ಮಾಡಿ. ಉಳಿದ ಬಣ್ಣವನ್ನು ಗಟ್ಟಿಯಾಗಿ ಮುಚ್ಚಿ, ಶೇಡ್ ನಂಬರ್ ಮತ್ತು ತಾರೀಖು ಮುಚ್ಚಳದ ಮೇಲೆ ಬರೆದು ತಂಪು ಜಾಗದಲ್ಲಿಡಿ. ಯಾರಾದರೂ ಸೋಫಾ ಸಾಗಿಸುವಾಗ ಗೋಡೆ ಕೆರೆದೇ ಕೆರೆಯುತ್ತಾರೆ.