ಬಾಣಂತಿಯ ಮನೆಗೆ ಹೋದಾಗ ಏನನ್ನು ನೋಡಬೇಕು

ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 3, 7, 14, 21, 28 ಮತ್ತು 42ನೆಯ ದಿನ ಆಶಾ ಕಾರ್ಯಕರ್ತೆ ಮನೆಗೇ ಹೋಗಿ ನೋಡಬೇಕೆಂಬುದು 2011ರಲ್ಲಿ ಆರಂಭವಾದ ನವಜಾತ ಶಿಶು ಆರೈಕೆ ಕಾರ್ಯಕ್ರಮದ ಕ್ರಮ. ಹೆರಿಗೆ ಮನೆಯಲ್ಲೇ ಆಗಿದ್ದರೆ ಮೊದಲ ದಿನವೂ ಹೋಗಬೇಕು. ಮಂಡ್ಯದ ಕಡೆ ಈ ಲೆಕ್ಕ ತಪ್ಪುವುದು ಹೆಚ್ಚಾಗಿ ಬಾಣಂತಿ ತವರಿಗೆ ಹೋದಾಗ. ಆದ್ದರಿಂದ ಎಂಟನೆಯ ತಿಂಗಳಲ್ಲೇ ಬಾಣಂತನ ಯಾವ ಊರಿನಲ್ಲೆಂದು ಕೇಳಿ, ಆ ಊರಿನ ಆಶಾಗೆ ಫೋನ್ ಮಾಡಿ ತಿಳಿಸಿಡಿ. ಆಲೆಮನೆಗಳಲ್ಲಿ ದುಡಿಯಲು ಹೊರಗಿನಿಂದ ಬಂದಿರುವ ಕುಟುಂಬಗಳ ಹೆಸರು ಊರಿನ ಪಟ್ಟಿಯಲ್ಲಿ ಇಲ್ಲದಿರಬಹುದು. ಅಲ್ಲಿಗೆ ನೀವೇ ನಡೆದು ಹೋಗಿ ವಿಚಾರಿಸುವುದೊಂದೇ ದಾರಿ.

ಒಳಗೆ ಹೋದ ಕೂಡಲೇ ಕೈ ತೊಳೆದುಕೊಳ್ಳಿ. ಮಗು ಮಲಗಿದ್ದರೆ ಎಬ್ಬಿಸದೆ ಮೊದಲು ಉಸಿರನ್ನು ಎಣಿಸಿ, ಏಕೆಂದರೆ ಅಳುವ ಅಥವಾ ಹಾಲು ಕುಡಿಯುವ ಮಗುವಿನ ಲೆಕ್ಕ ನಂಬಲಾಗದು. ಅಂಗಿ ಮೇಲೆತ್ತಿ, ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಗಡಿಯಾರ ಹಿಡಿದು ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದು ಸಲ್ಲದು, ಎಳೆಗೂಸಿನ ಉಸಿರು ಒಂದೇ ಸಮನಾಗಿರುವುದಿಲ್ಲ. 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಿ, ಆಗಲೂ ಅಷ್ಟೇ ಇದ್ದರೆ ಅದು ಅಪಾಯದ ಲಕ್ಷಣ. ಆಮೇಲೆ ಕಂಕುಳಲ್ಲಿ ಥರ್ಮಾಮೀಟರ್ ಇಡಿ. ತೂಗುವ ಮುನ್ನ ಖಾಲಿ ಜೋಳಿಗೆಯನ್ನು ತಕ್ಕಡಿಗೆ ಸಿಕ್ಕಿಸಿ ಮುಳ್ಳನ್ನು ಸೊನ್ನೆಗೆ ತನ್ನಿ. ಹುಟ್ಟಿದಾಗ 2.5 ಕಿಲೋಗಿಂತ ಕಡಿಮೆಯಿದ್ದ ಮಗುವನ್ನು ತಾಯಿಯ ಎದೆಗೆ ಮೈ ತಾಗುವಂತೆ ಕಟ್ಟಿಕೊಳ್ಳುವುದನ್ನು ಮಾತಿನಲ್ಲಿ ಹೇಳಿ ಮುಗಿಸದೆ, ಅಲ್ಲೇ ಕೂತು ಮಾಡಿಸಿ.

ಇನ್ನು ಮನೆ. ಸಾಂಬ್ರಾಣಿ ಹೊಗೆ, ಮೂಗು ಕಿವಿಗೆ ಬಿಡುವ ಎಣ್ಣೆ, ಹೊಕ್ಕುಳಿಗೆ ಹಚ್ಚುವ ಅರಿಶಿನ, ನಾಲಗೆಗೆ ನೆಕ್ಕಿಸುವ ಜೇನುತುಪ್ಪ, ಇವೆಲ್ಲ ಅಜ್ಜಿಯ ಕೈಯಲ್ಲಿರುವ ವಿಷಯಗಳಾದ್ದರಿಂದ ಸೊಸೆಗೆ ಉಪದೇಶ ಮಾಡಿ ಫಲವಿಲ್ಲ. ‘ಅಜ್ಜಿ, ಹೊಕ್ಕುಳು ತಾನಾಗಿ ಒಣಗಿ ಬೀಳೋವರೆಗೂ ಏನೂ ಹಚ್ಚಬೇಡಿ, ನೀವೇ ದಿನಾ ನೋಡ್ಕೊಳ್ಳಿ’ ಎಂದು ಕಾವಲನ್ನು ಅವರಿಗೇ ಒಪ್ಪಿಸಿದರೆ ನಿಮ್ಮ ಮಾತು ನಡೆಯುತ್ತದೆ. ಎಣ್ಣೆನೀರಿನ ಸ್ನಾನವನ್ನು ನಾನಂತೂ ಪೂರ್ತಿ ವಿರೋಧಿಸುವುದಿಲ್ಲ. ತೂಕ ಕಡಿಮೆಯಿರುವ ಮಗುವಿಗೆ ಮಾತ್ರ ಮುಂದೂಡಲು ಹೇಳುತ್ತೇನೆ. ಮಗುವನ್ನು ಅಂಗಾತ ಮಲಗಿಸಬೇಕು, ಮುಖದ ಬಳಿ ದಿಂಬು, ಕಂಬಳಿ ಇರಕೂಡದು. ಸೀರೆಯ ಜೋಲಿಯನ್ನು ಒಲೆಯಿಂದ ದೂರ ಕಟ್ಟಿಸಿ. ಆಲೆಮನೆಯಲ್ಲಾದರೆ ಕುದಿಯುವ ಕೊಪ್ಪರಿಗೆ ಎಷ್ಟು ಹೆಜ್ಜೆ ದೂರವಿದೆ ಎಂಬುದನ್ನು ನಡೆದೇ ನೋಡಿ, ಏಕೆಂದರೆ ಇಂದು ಮಲಗಿದಲ್ಲೇ ಇರುವ ಕೂಸು ಎಂಟು ತಿಂಗಳಿಗೆ ಅಂಬೆಗಾಲಿಡುತ್ತದೆ.

ಹಾಲು ಚೀಪದಿರುವುದು, ಮೈ ತಣ್ಣಗಾಗುವುದು ಅಥವಾ ಸುಡುವುದು, ಫಿಟ್ಸ್, ಎದೆಗೂಡು ಒಳಕ್ಕೆ ಸೆಳೆಯುವುದು, ಇವುಗಳಲ್ಲಿ ಒಂದು ಕಂಡರೂ ಸಂಜೆಯವರೆಗೆ ಕಾಯದೆ 108ಕ್ಕೆ ಕರೆ ಮಾಡಿ, ತಾಯಿ ಕಾರ್ಡ್ ಜೊತೆಗಿರಿಸಿ, ದಾರಿಯುದ್ದಕ್ಕೂ ಮಗು ತಾಯಿಯ ಎದೆಗೆ ಅಂಟಿಕೊಂಡೇ ಇರುವಂತೆ ಕಳುಹಿಸಿ. ಮಗು ಮನೆಗೆ ಮರಳಿದ ಮರುದಿನವೇ ತಕ್ಕಡಿ ಹಿಡಿದು ಮತ್ತೆ ಹೋಗಿ.