ಮಳೆಗಾಲದ ‘ಬೇಜಾರು’: ಊರಿನಲ್ಲಿರುವ ಹಿರಿಯರ ಮನಸ್ಸನ್ನು ಗಮನಿಸುವ ಬಗೆ

ಮಲೆನಾಡಿನಲ್ಲಿ ‘ಬೇಜಾರು’ ಎಂಬ ಒಂದೇ ಮಾತಿಗೆ ಹಲವು ಅರ್ಥಗಳಿವೆ. ನೆಂಟರು ಹೊರಟು ಮನೆ ಬಿಕೋ ಎಂದರೂ ಬೇಜಾರು, ಕೈಗೆ ಕೆಲಸವಿಲ್ಲದಿದ್ದರೂ ಬೇಜಾರು, ಬದುಕೇ ಬೇಡವೆನಿಸಿದರೂ ಬೇಜಾರು. ಆದ್ದರಿಂದ ಆಷಾಢದ ರಾತ್ರಿ ಊರಿನಿಂದ ಬಂದ ಫೋನಿನಲ್ಲಿ “ಎಂತದೋ ಬೇಜಾರು” ಎಂಬ ಮಾತು ಕೇಳಿಬಂದರೆ, ಅದು ಇವುಗಳಲ್ಲಿ ಯಾವುದೆಂದು ತಿಳಿದುಕೊಳ್ಳುವುದೇ ಬೆಂಗಳೂರಿನಲ್ಲಿರುವ ಮಕ್ಕಳ ಮೊದಲ ಕೆಲಸ.

ಇದಕ್ಕೆ ‘ಹೇಗಿದ್ದೀಯ’ ಎಂಬ ಪ್ರಶ್ನೆ ಸಾಲದು. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಅಪ್ಪಯ್ಯ ದಿನವೂ ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕವನ್ನು ನೋಡಿ, ಎಷ್ಟು ಮಿಲಿಮೀಟರ್ ಬಂತೆಂದು ಜಗಲಿಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದರು. ಒಂದು ವರ್ಷ ಜುಲೈ ಕೊನೆಯಲ್ಲಿ ಊರಿಗೆ ಹೋದಾಗ, 11ನೇ ತಾರೀಖಿನಿಂದ ಈಚೆಗೆ ಒಂದು ಅಂಕಿಯೂ ಇರಲಿಲ್ಲ. ಮಾಪಕದ ಬಾಯಿಗೆ ಹಲಸಿನ ಎಲೆ ಬಿದ್ದು ಅಲ್ಲೇ ಕೊಳೆತಿತ್ತು. ಆ ದಿನಗಳಲ್ಲೆಲ್ಲ ಫೋನಿನಲ್ಲಿ ನನಗೆ ಸಿಗುತ್ತಿದ್ದ ಉತ್ತರ “ಅಡ್ಡಿಲ್ಲ” ಎಂಬುದೊಂದೇ. ಅಂದಿನಿಂದ ನಾನು ಕೇಳುವುದು “ಅಪ್ಪಯ್ಯ, ನಿನ್ನೆ ಎಷ್ಟು ಬಂತು?” ಎಂದು. ಅಂಕಿ ಹೇಳಿದರೆ ಒಂದು ಸಮಾಧಾನ. “ನೋಡಿಲ್ಲ” ಎಂಬ ಉತ್ತರ ನಾಲ್ಕು ದಿನ ಸಾಲಾಗಿ ಬಂದರೆ ಊರಿನ ಬಸ್ಸಿಗೆ ಟಿಕೆಟ್ ನೋಡುತ್ತೇನೆ. ನಿಮ್ಮ ಮನೆಯಲ್ಲಿ ಅದು ದೇವರಿಗೆ ಹೂ ಕೊಯ್ಯುವುದೋ, ದನಕ್ಕೆ ಹುಲ್ಲು ಹಾಕುವುದೋ, ಪೇಪರ್ ಓದುವುದೋ ಇರಬಹುದು. ಅವರು ಇಷ್ಟಪಟ್ಟು ಮಾಡುತ್ತಿದ್ದ ಒಂದು ಕೆಲಸವನ್ನು ಗುರುತಿಟ್ಟುಕೊಂಡು, ಅದು ನಿಂತಿದೆಯೇ ಎಂದು ವಿಚಾರಿಸಿ.

ಚಿಂತೆಗೆ ಕಾರಣವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಪುನರ್ವಸು, ಪುಷ್ಯ ಮಳೆಗಳು ಬಿಡುವು ಕೊಡದೆ ಸುರಿದು, ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಹೊಡೆಸಲು ಒಂದು ಒಣದಿನವೂ ಸಿಗದೆ, ಸಿಕ್ಕ ದಿನ ಮರ ಹತ್ತುವವರು ಬಾರದೆ, ಕೊಳೆರೋಗದಿಂದ ಹಸಿರು ಅಡಿಕೆ ಬುಡದಲ್ಲಿ ಉದುರುತ್ತಿದ್ದರೆ ಯಾರಿಗಾದರೂ ನಿದ್ದೆ ಕೆಡುತ್ತದೆ. ಆದರೆ ಸಾಮಾನ್ಯ ಚಿಂತೆ ಮಳೆ ಹೊಳವಾದ ದಿನ, ಮೊಮ್ಮಕ್ಕಳು ಬಂದ ದಿನ ಸ್ವಲ್ಪ ಹಗುರಾಗುತ್ತದೆ. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಮಂಕು ಕವಿದಿದ್ದು, ಯಾವುದರಲ್ಲೂ ಆಸಕ್ತಿ ಹುಟ್ಟದೆ, ನಸುಕಿನ ಮೂರು ಗಂಟೆಗೇ ಎಚ್ಚರವಾಗಿ, ಊಟ ಸೇರದೆ, “ನನ್ನಿಂದ ಎಲ್ಲರಿಗೂ ತೊಂದರೆ” ಎಂಬ ಮಾತು ಬರತೊಡಗಿದರೆ ಅದು ಖಿನ್ನತೆಯಿರಬಹುದು. ನಮ್ಮ ಹಿರಿಯರಲ್ಲಿ ಇದು ಹಲವೊಮ್ಮೆ ಗ್ಯಾಸ್, ತಲೆಭಾರ, ಕೈಕಾಲು ಸೋಲುವುದು ಎಂಬ ದೂರುಗಳ ವೇಷದಲ್ಲಿ ಬರುತ್ತದೆ.

ಇಂಥವರಿಗೆ “ಧೈರ್ಯ ತಗೋ” ಎನ್ನಬೇಡಿ. ಅದನ್ನು ಅವರು ತಮಗೆ ತಾವೇ ಹೇಳಿಕೊಂಡು ಸೋತಿರುತ್ತಾರೆ. ಅದಕ್ಕಿಂತ ಹೊತ್ತು ಗೊತ್ತಿರುವ ಒಂದು ಸಣ್ಣ ಕೆಲಸವನ್ನು ಜೊತೆಗೂಡಿ ಮತ್ತೆ ಆರಂಭಿಸುವುದು ಉತ್ತಮ, ಏಕೆಂದರೆ ಖಿನ್ನತೆಯಲ್ಲಿ ಮನಸ್ಸು ಸರಿಯಾದ ಮೇಲೆ ಕೆಲಸ ಮಾಡೋಣವೆಂದು ಕಾದರೆ ಆ ದಿನ ಬೇಗ ಬರುವುದಿಲ್ಲ, ಕೆಲಸ ಮೊದಲಾದರೆ ಮನಸ್ಸು ನಿಧಾನವಾಗಿ ಹಿಂಬಾಲಿಸುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಆಗುಂಬೆಯಂಥ ಕಡೆ ಬಿಸಿಲನ್ನು ನೆಚ್ಚಿಕೊಳ್ಳುವಂತಿಲ್ಲ. ಆದರೂ ಒಳಮನೆಯ ಕತ್ತಲೆಗಿಂತ ಜಗಲಿಯ ಮೋಡದ ಬೆಳಕೇ ಎಷ್ಟೋ ಹೆಚ್ಚು. ಬೆಳಗಿನ ಕಾಫಿಯನ್ನಾದರೂ ಅಲ್ಲಿ ಕುಡಿಯುವಂತೆ ಮಾಡಿ. ಚಳಿಗೆಂದು ಆರಂಭವಾದ ಸಂಜೆಯ ಕುಡಿತ ಹೆಚ್ಚುತ್ತಿದೆಯೇ ನೋಡಿ. ಕರೆಂಟು ಹೋದರೆ ಎಷ್ಟೋ ಕಡೆ ಸಿಗ್ನಲ್ಲೂ ಹೋಗುವುದರಿಂದ, ಎರಡು ದಿನ ಫೋನ್ ಸಿಗದಿದ್ದರೆ ಮನೆಗೆ ಹೋಗಿ ನೋಡಿಬರುವಂತೆ ಪಕ್ಕದ ಮನೆಯವರಿಗೋ ಆಶಾ ಕಾರ್ಯಕರ್ತೆಗೋ ಮಳೆಗಾಲಕ್ಕೆ ಮೊದಲೇ ಹೇಳಿಟ್ಟಿರಿ.

ಸಾವಿನ ಮಾತು ಬಂದರೆ ವಿಷಯ ಬದಲಿಸಬೇಡಿ. “ಜೀವ ಕಳೆದುಕೊಳ್ಳುವ ಯೋಚನೆ ಬರುತ್ತದೆಯೇ?” ಎಂದು ನೇರವಾಗಿ, ಮೆಲ್ಲಗೆ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೆಚ್ಚಿನವರಿಗೆ ಹೇಳಿಕೊಂಡ ಹಗುರ ಸಿಗುತ್ತದೆ. ಹೌದೆಂದರೆ ಅವರನ್ನು ಒಬ್ಬರೇ ಬಿಡಬೇಡಿ, ತೋಟದ ಔಷಧಿಗಳಿಗೆ ಬೀಗ ಹಾಕಿ ಕೀಲಿಕೈಯನ್ನು ಬೇರೆ ಮನೆಯಲ್ಲಿಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಏನು ಮಾಡಬೇಕೆಂದು ತೋಚದ ಮಕ್ಕಳೂ ಇದಕ್ಕೆ ಕರೆ ಮಾಡಬಹುದು.

ವೈದ್ಯರ ಬಳಿ ಹೋಗಲು ಒಪ್ಪಿಸುವುದು ಎಲ್ಲಕ್ಕಿಂತ ಕಷ್ಟ. ‘ಮನೋವೈದ್ಯರು’ ಎಂದೊಡನೆ “ನಂಗೆ ಹುಚ್ಚಾ?” ಎಂಬ ಪ್ರಶ್ನೆ ಎದುರಾಗುತ್ತದೆ. ನಿದ್ದೆಯ ತೊಂದರೆಯನ್ನು ಮುಂದಿಟ್ಟು ಹೊರಡಿಸಿ. ಅದು ಸುಳ್ಳೂ ಅಲ್ಲ. ಥೈರಾಯ್ಡ್ ಕಡಿಮೆಯಾದರೆ, ಬಿ12 ಕೊರತೆಯಾದರೆ ಕೂಡ ಇಂಥದೇ ಮಂಕು ಬರುವುದರಿಂದ ರಕ್ತಪರೀಕ್ಷೆಯ ಬಗ್ಗೆ ಕೇಳಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಮನೋವೈದ್ಯರು ನಿಗದಿತ ದಿನದಂದು ತಾಲ್ಲೂಕು ಆಸ್ಪತ್ರೆಗೂ ಬರುವ ಮನೋಚೈತನ್ಯ ಕಾರ್ಯಕ್ರಮವಿದ್ದು, ದಿನವನ್ನು ಮೊದಲೇ ವಿಚಾರಿಸಿಕೊಂಡು ಹೊರಡಿ.

ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರದಲ್ಲೇ “ಏನೂ ಪ್ರಯೋಜನವಿಲ್ಲ” ಎಂದು ಬಿಡುವವರಿದ್ದಾರೆ, ಅವರಿಗಿಂತ ಜಾಣರು ನವರಾತ್ರಿಯ ಹೊತ್ತಿಗೆ “ಬಿಸಿಲು ಬಂತಲ್ಲ, ಇನ್ನು ಮಾತ್ರೆ ಎಂತಕ್ಕೆ?” ಎನ್ನುತ್ತಾರೆ. ಗುಣವಾದ ಮೇಲೂ ಸುಮಾರು ಆರು ತಿಂಗಳು ಮುಂದುವರಿಸಬೇಕೆಂದು ವೈದ್ಯರು ಸಾಮಾನ್ಯವಾಗಿ ಹೇಳುವುದರಿಂದ, ಅಡಿಕೆ ಕೊಯ್ಲಿನ ಗಡಿಬಿಡಿ ಶುರುವಾಗುವ ಮೊದಲೇ ಮುಂದಿನ ಭೇಟಿಯ ತಾರೀಖನ್ನು ಅದೇ ಕ್ಯಾಲೆಂಡರಿನಲ್ಲಿ ಬರೆದಿಟ್ಟು ಬನ್ನಿ.