ಆಪ್ ಕೇಳಿದ್ದಕ್ಕೆಲ್ಲ ಅಲೋ (Allow) ಒತ್ತೋ ಮುಂಚೆ ನಮ್ಮ ಕರಾರು ಹೇಳೋದು ಹೆಂಗೆ

ತೀರ್ಥಹಳ್ಳಿ ಹತ್ರ ಇರೋ ನಮ್ಮ ದೊಡ್ಡಪ್ಪ ಅಡಿಕೆ ರೇಟ್ ನೋಡಕ್ಕೆ ಅಂತ ಒಂದು ಆಪ್ ಹಾಕ್ಕೊಂಡ್ರು. ರಾಶಿ ಅಡಿಕೆ ಎಷ್ಟು ಬೆಟ್ಟೆ ಅಡಿಕೆ ಎಷ್ಟು ಅಂತ ಹೇಳಕ್ಕೆ ಅದಕ್ಕೆ ಕಾಂಟ್ಯಾಕ್ಟ್ ಬೇಕಂತೆ, ಲೊಕೇಶನ್ ಬೇಕಂತೆ, ಕ್ಯಾಮೆರಾನೂ ಬೇಕಂತೆ! ಇವ್ರು ಎಲ್ಲದಕ್ಕೂ ಅಲೋ. ವಾರ ಕಳಿಯೋದ್ರೊಳಗೆ ಲೋನ್ ಬೇಕಾ ಅಂತ ಫೋನ್ ಮೇಲೆ ಫೋನ್, "ಎಂತ ಮಾರಾಯ, ನಾ ಯಾರಿಗೂ ನಂಬರ್ ಕೊಟ್ಟಿಲ್ವಲ್ಲ" ಅಂತಾರೆ. ಆ ಆಪ್‌ದೇ ಕೆಲ್ಸ ಅನ್ನಕ್ಕೆ ನಮ್ಮತ್ರ ಪುರಾವೆ ಇಲ್ಲ, ಅದೇ ತಲೆನೋವು.

ಪುರಾವೆ ಬೇಕಂದ್ರೆ ಜಿಮೇಲಲ್ಲಿ ಒಂದು ಉಪಾಯ ಇದೆ. ಫಾರಂ ತುಂಬುವಾಗ ನಿಮ್ಮ ಐಡಿಲಿ ಅಟ್ ಚಿಹ್ನೆಗೆ ಮುಂಚೆ ಪ್ಲಸ್ ಹಾಕಿ ಅಡಿಕೆ ಅಂತ ಇಂಗ್ಲಿಷಲ್ಲಿ ಸೇರ್ಸಿ (ನಿಮ್ಮಐಡಿ+adike@gmail.com ಹಂಗೆ). ಮೇಲ್ ನಿಮಗೇ ಬರುತ್ತೆ, ನಾಳೆ ಇನ್ಯಾರೋ ಆ ಅಡ್ರೆಸ್ಸಿಗೆ ಜಾಹೀರಾತು ಕಳ್ಸಿದ್ರೆ ಎಲ್ಲಿಂದ ಸೋರಿದ್ದು ಅಂತ ಗೊತ್ತಾಗುತ್ತೆ. ಕೆಲವು ಸೈಟು ಪ್ಲಸ್ ತಗಳಲ್ಲ.

ಲೊಕೇಶನ್ ಕೇಳಿದಾಗ ಪೂರ್ತಿ ಇಲ್ಲ ಅನ್ನೋದೊಂದೇ ದಾರಿ ಅಲ್ಲ, ಆಂಡ್ರಾಯ್ಡ್ 12ರಿಂದ ಅಂದಾಜು ಜಾಗ ಮಾತ್ರ ಕೊಡೋ ಆಯ್ಕೆ ಇದೆ, ಆಗುಂಬೆಲಿ ಮಳೆ ಇದ್ಯಾ ನೋಡಕ್ಕೆ ನಮ್ಮನೆ ಅಂಗಳ ಎಲ್ಲಿದೆ ಅಂತ ಯಾಕೆ ಹೇಳ್ಬೇಕು? ಕಾಂಟ್ಯಾಕ್ಟ್ ಮಾತ್ರ ಕೊಡಲೇಬೇಡಿ, ಅದ್ರಲ್ಲಿರೋದು ಬೇರೆಯವ್ರ ನಂಬರು.

ಇನ್ನು ಬ್ರೌಸರ್. ಮುಂಚೆ ಡು ನಾಟ್ ಟ್ರ್ಯಾಕ್ ಅಂತ ಒಂದು ಸ್ವಿಚ್ ಇತ್ತು, ಆನ್ ಮಾಡಿದ್ರೆ ನನ್ನ ಹಿಂದೆ ಬರಬೇಡಿ ಅಂತ ಸೈಟಿಗೆ ಹೇಳೋದು, ಕೇಳೋರು ತೀರಾ ಕಮ್ಮಿ ಬಿಡಿ, 2025ರಲ್ಲಿ ಫೈರ್‌ಫಾಕ್ಸ್ ಬ್ರೌಸರೇ ಅದನ್ನ ತೆಗೆದುಹಾಕ್ತು. ಈಗ ಅದ್ರ ಜಾಗದಲ್ಲಿ ಗ್ಲೋಬಲ್ ಪ್ರೈವೆಸಿ ಕಂಟ್ರೋಲ್ ಇದೆ, ನನ್ನ ಡೇಟಾ ಮಾರಬೇಡಿ, ಹಂಚಬೇಡಿ ಅನ್ನೋ ಸಂದೇಶ. ಬ್ರೇವ್ ಅನ್ನೋ ಬ್ರೌಸರಲ್ಲಿ ತಾನಾಗೇ ಆನ್ ಇರುತ್ತೆ, ಫೈರ್‌ಫಾಕ್ಸಲ್ಲಿ ಪ್ರೈವೆಸಿ ಸೆಟ್ಟಿಂಗ್‌ಗೆ ಹೋಗಿ ನಾವೇ ಆನ್ ಮಾಡ್ಬೇಕು. ಕ್ಯಾಲಿಫೋರ್ನಿಯಾದಲ್ಲಿ ಕಾನೂನಿಗೆ ಒಳಪಡೋ ಕಂಪನಿಗಳು ಇದನ್ನ ಪಾಲಿಸಲೇಬೇಕು, ನಮ್ಮಲ್ಲಿ ಆ ಕಟ್ಟುಪಾಡು ಇಲ್ಲ, ಆದ್ರೂ ಆನ್ ಮಾಡಿಡಿ, ಖರ್ಚೇನಿಲ್ಲ.

ನಮ್ಮಲ್ಲಿರೋದು 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ. ನಂಗೆ ಇದ್ರಲ್ಲಿ ಹಿಡಿಸಿದ್ದು ಎರಡು: ಒಪ್ಪಿಗೆ ಕೇಳೋ ಒಕ್ಕಣೆ ಕನ್ನಡದಲ್ಲೂ ಓದೋ ಹಾಗೆ ಕೊಡ್ಬೇಕು, ಒಪ್ಪಿಗೆ ಕೊಟ್ಟಷ್ಟೇ ಸಲೀಸಾಗಿ ವಾಪಸ್ ತಗಳಕ್ಕೂ ಆಗ್ಬೇಕು. ನಿಯಮಗಳು ಬಂದಿದ್ದು 2025ರ ನವೆಂಬರಲ್ಲಿ, ಕಂಪನಿಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳು ಟೈಮ್ ಕೊಟ್ಟಿದಾರೆ. ಅಲ್ಲಿವರೆಗೂ ಸುಮ್ನೆ ಕೂರೋದು ಬೇಡ, ಪ್ರೈವೆಸಿ ಪಾಲಿಸಿ ಪುಟದ ಕೊನೆಲಿ ಸಾಮಾನ್ಯವಾಗಿ ದೂರು ಅಧಿಕಾರಿ ಮೇಲ್ ಐಡಿ ಇರುತ್ತೆ. ದೊಡ್ಡಪ್ಪನ ಪರವಾಗಿ ನಾ ಬರೆದಿದ್ದು ಇಷ್ಟೇ: "ನನ್ನ ಒಪ್ಪಿಗೆ ವಾಪಸ್ ತಗೊಂಡಿದ್ದೇನೆ. ನನ್ನ ಮಾಹಿತಿ ಯಾರ್ಯಾರಿಗೆ ಕೊಟ್ಟಿದ್ದೀರಿ ತಿಳಿಸಿ, ಆಮೇಲೆ ಅಳಿಸಿ." ಕಳ್ಸಿದ್ ಮೇಲೆ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳಿ. ಆಪ್ ಡಿಲೀಟ್ ಮಾಡೋದಕ್ಕಿಂತ ಮುಂಚೆ ಅದ್ರೊಳಗಿನ ಅಕೌಂಟ್ ಡಿಲೀಟ್ ಮಾಡಿ, ಬರೀ ಆಪ್ ಕಿತ್ತಾಕಿದ್ರೆ ಡೇಟಾ ಅವ್ರ ಹತ್ರಾನೇ ಉಳಿಯುತ್ತೆ.